ಅಪ್‌ಡೇಟ್: ಅಮ್ಮನ ಫೋನಿಗೆ ಕೊನೆಗೂ ವೈಫೈ ಸಿಕ್ಕಿತು

ಅಮ್ಮನ ಹೊಸ ಫೋನ್ ಮಾತ್ರ ಮನೆಯ ವೈಫೈಗೆ ಕನೆಕ್ಟ್ ಆಗುತ್ತಿಲ್ಲ, ಉಳಿದವರದ್ದೆಲ್ಲ ಸರಿಯಾಗಿದೆ ಅಂತ ಹೋದ ವಾರ ಕೇಳಿದ್ದೆ. ‘ಕನೆಕ್ಟಿಂಗ್’ ಅಂತ ಎರಡು ಸಲ ಮಿನುಗಿ, ಆಮೇಲೆ ಸುಮ್ನೆ ‘ಸೇವ್ಡ್’ ಅಂತ ಕೂತುಬಿಡುತ್ತಿತ್ತು. ನೀವೆಲ್ಲ ಹೇಳಿದ ಹಾಗೆ ರೂಟರ್ ಆಫ್ ಮಾಡಿ ಆನ್ ಮಾಡಿದೆ, ಪಾಸ್‌ವರ್ಡ್ ಮತ್ತೆ ಹಾಕಿದೆ. ಏನೂ ಆಗಲಿಲ್ಲ.

ಕೊನೆಗೆ ರೂಟರ್ ಸೆಟ್ಟಿಂಗ್ ತೆರೆದು ನೋಡಿದರೆ ಮ್ಯಾಕ್ ಫಿಲ್ಟರ್ ಆನ್ ಆಗಿತ್ತು! ಪಕ್ಕದ ಮನೆ ಹುಡುಗರು ನಮ್ಮ ನೆಟ್ ಬಳಸುತ್ತಾರೆ ಅಂತ ಎರಡು ವರ್ಷದ ಹಿಂದೆ ನಾನೇ ಹಾಕಿದ್ದು. ಒಂದೊಂದು ಫೋನಿಗೂ ಇರುವ ಗುರುತಿನ ನಂಬರ್ (ಅದೇ ಮ್ಯಾಕ್) ನೋಡಿ, ಪಟ್ಟಿಯಲ್ಲಿರುವ ಫೋನ್‌ಗಳನ್ನು ಮಾತ್ರ ಈ ಫಿಲ್ಟರ್ ಒಳಗೆ ಬಿಡುತ್ತದೆ. ಪೂರ್ತಿ ಮರೆತೇ ಹೋಗಿತ್ತು.

ಸರಿ, ‘ಅಬೌಟ್ ಫೋನ್’ನಲ್ಲಿದ್ದ ಮ್ಯಾಕ್ ನಂಬರ್ ಪಟ್ಟಿಗೆ ಸೇರಿಸಿದೆ. ಆಗಲೂ ಊಹೂಂ. ಆಂಡ್ರಾಯ್ಡ್ 10ರಿಂದ ಈಚೆಗೆ ಫೋನ್‌ಗಳು ರೂಟರಿಗೆ ನಿಜವಾದ ನಂಬರ್ ತೋರಿಸದೆ, ಒಂದೊಂದು ವೈಫೈಗೆ ಒಂದೊಂದು ಸುಳ್ಳು ನಂಬರ್ ಕೊಡುತ್ತವೆ. ಗುರುತು ಹಿಡಿಯುವುದು ಸುಲಭ: ನಂಬರಿನ ಎರಡನೇ ಅಕ್ಷರ 2, 6, A ಅಥವಾ E ಆಗಿದ್ದರೆ ಅದು ಸುಳ್ಳು ನಂಬರೇ. ವೈಫೈ ಹೆಸರಿನ ಪಕ್ಕದ ಗಿಯರ್ ಒತ್ತಿ, ಪ್ರೈವಸಿಯಲ್ಲಿ ‘ಯೂಸ್ ಡಿವೈಸ್ ಮ್ಯಾಕ್’ ಆರಿಸಿದೆ. ತಕ್ಷಣ ಕನೆಕ್ಟ್ ಆಯಿತು.

ಆಮೇಲೆ ಆ ಫಿಲ್ಟರನ್ನೇ ತೆಗೆದು, ಪಾಸ್‌ವರ್ಡ್ ಬದಲಿಸಿದೆ. ಆ ಹುಡುಗರು ಬೇರೆ ಊರಿಗೆ ಓದಲು ಹೋಗಿ ಎಷ್ಟೋ ದಿನ ಆಗಿದೆ, ಅದು ಬೇರೆ ಮಾತು.