ಸ್ಟೀಲ್ ಕಾಸ್ಟಿಂಗ್‌ಗೆ ಅನೀಲಿಂಗಾ, ನಾರ್ಮಲೈಸಿಂಗಾ, ಹಾರ್ಡನಿಂಗಾ? ಡ್ರಾಯಿಂಗಲ್ಲಿ ಬರೀ ‘ಹೀಟ್ ಟ್ರೀಟೆಡ್’ ಅಂತಿದೆ

ಪೀಣ್ಯ_ಬೋರಿಂಗ್:
ನಮಸ್ಕಾರ ಎಲ್ರಿಗೂ. ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಚಿಕ್ಕ ಮಷಿನ್ ಶಾಪ್ ನಮ್ದು, ಇಷ್ಟು ದಿನ ಬರೀ ಮಷಿನಿಂಗ್ ಮಾಡಿ ಕೊಡ್ತಿದ್ವಿ, ಈಗ ಪಾರ್ಟಿಯವ್ರು ಕಾಸ್ಟಿಂಗೂ ನೀವೇ ತರಿಸ್ಕೊಂಡು ಫಿನಿಶ್ ಮಾಡಿ ಕೊಡಿ ಅಂತಿದಾರೆ. ಬೇರಿಂಗ್ ಹೌಸಿಂಗ್, ಪೀಸಿಗೆ 40 ಕೆಜಿ ಹತ್ರ ಬರುತ್ತೆ, ರಿಬ್ (ತೆಳು ಆಧಾರ ಪಟ್ಟಿ) 18 ಎಂಎಂ, ಬಾಸ್ (ದಪ್ಪಗೆ ಉಬ್ಬಿದ ಭಾಗ) ಕಡೆ 70 ಎಂಎಂ ದಪ್ಪ. ಮೆಟೀರಿಯಲ್ ಐಎಸ್ 1030 (ಸ್ಟೀಲ್ ಕಾಸ್ಟಿಂಗಿನ ಭಾರತೀಯ ಸ್ಟ್ಯಾಂಡರ್ಡ್), ಗ್ರೇಡ್ 280-520 ಡಬ್ಲ್ಯೂ. ಫೌಂಡ್ರಿಯವ್ರು ಅನೀಲಿಂಗ್ ಮಾಡಿ ಕಳಿಸ್ತೀವಿ ಅಂತಾರೆ, ಇಲ್ಲಿ ಜಾಬ್‌ವರ್ಕ್ ಮಾಡೋರು ನಾರ್ಮಲೈಸಿಂಗ್ ಟೆಂಪರಿಂಗ್ ಅಂತಾರೆ, ಪಕ್ಕದ ಶೆಡ್ಡಿನವ್ರು ಹಾರ್ಡನಿಂಗ್ ಮಾಡಿಸ್ಬಿಡು ಸ್ಟ್ರಾಂಗ್ ಆಗುತ್ತೆ ಅಂತಾರೆ. ಮೂರಕ್ಕೂ ರೇಟ್ ಬೇರೆ. ಬೋರ್ ಎಚ್7 (ಬಿಗಿ ಟಾಲರೆನ್ಸ್), ಆಮೇಲೆ ಅದರ ಸೈಜ್ ಅಲ್ಲಾಡಿದ್ರೆ ನನ್ ಕಥೆ ಮುಗೀತು. ಯಾವ್ದು ಮಾಡಿಸ್ಲಿ?

ಹಳೇ_ಕುಲುಮೆ:
ಸರ್, ಈ ಗ್ರೇಡಿಗೆ ಕಣ್ಮುಚ್ಕೊಂಡು ನಾರ್ಮಲೈಸಿಂಗ್ ಪ್ಲಸ್ ಟೆಂಪರಿಂಗ್. ಕಾರಣನೂ ಹೇಳ್ತೀನಿ, ಇಲ್ಲಾಂದ್ರೆ ನಾಳೆ ಇನ್ನೊಬ್ರು ಇನ್ನೊಂದು ಹೇಳಿದಾಗ ಮತ್ತೆ ಗೊಂದಲ ಆಗುತ್ತೆ.

ಅಚ್ಚಿಂದ ಬಂದ ಸ್ಟೀಲಲ್ಲಿ ಗ್ರೇನ್ (ಒಳಗಿನ ಹರಳು) ದಪ್ಪ ಇರುತ್ತೆ, ಫೆರೈಟ್ ಅನ್ನೋ ಮೆತ್ತನೆ ಭಾಗ ಸೂಜಿ ಸೂಜಿ ಥರ ಬೆಳೆದಿರುತ್ತೆ, ಅದಕ್ಕೆ ವಿಡ್‌ಮನ್‌ಸ್ಟಾಟೆನ್ ಅಂತಾರೆ, ಹೊಡೆತ ಬಿದ್ರೆ ಅಲ್ಲೇ ಸೀಳೋದು. ಅದನ್ನ ಅಳಿಸ್ಬೇಕು ಅಂದ್ರೆ 900 ಡಿಗ್ರಿ ಮೇಲೆ ಕಾಯಿಸಿ ಗ್ರೇನ್ ಹೊಸದಾಗಿ ಹುಟ್ಟೋ ಹಾಗೆ ಮಾಡ್ಬೇಕು. ಅನೀಲಿಂಗೂ ಅಲ್ಲೀವರೆಗೂ ಅದೇ ಕೆಲ್ಸ ಮಾಡುತ್ತೆ, ವ್ಯತ್ಯಾಸ ಇರೋದು ತಣಿಸೋದ್ರಲ್ಲಿ. ಅನೀಲಿಂಗಲ್ಲಿ ಫರ್ನೇಸ್ ಒಳಗೇ ನಿಧಾನಕ್ಕೆ ತಣಿದು ಮೆತ್ತಗಾಗುತ್ತೆ, ನಿಮ್ಮ ಕಾಸ್ಟಿಂಗಲ್ಲಿ ಕಾರ್ಬನ್ 0.25 ಒಳಗೇ ಇರೋದು, ಡಬ್ಲ್ಯೂ ಅಂದ್ರೇನೇ ವೆಲ್ಡಿಂಗ್‌ಗೆ ಆಗೋ ಗ್ರೇಡ್, ಅದನ್ನ ಅನೀಲ್ ಮಾಡಿದ್ರೆ ಟೂಲಿಗೆ ಅಂಟ್ಕೊಂಡು ಬೋರ್ ಫಿನಿಶ್ ಹರ್ಕೊಂಡು ಬರುತ್ತೆ, ಮೇಲಿಂದ 520 ಎಂಪಿಎ ಟೆನ್ಸೈಲ್ (ಎಳೆತ ತಡೆಯೋ ಬಲ) ಸಿಗೋದೂ ಡೌಟು. ಗಾಳಿಯಲ್ಲಿ ತಣಿಸಿದ್ರೆ, ಅದೇ ನಾರ್ಮಲೈಸಿಂಗ್, ಗ್ರೇನ್ ಸಣ್ಣ, ಸ್ಟ್ರೆಂತೂ ಬರುತ್ತೆ. ಆದ್ರೆ ನಿಮ್ಮ 18 ಎಂಎಂ ರಿಬ್ಬು ಬೇಗ ತಣಿಯುತ್ತೆ, 70 ಎಂಎಂ ಬಾಸು ಲೇಟು, ಆ ಎಳೆದಾಟದಲ್ಲಿ ಸ್ಟ್ರೆಸ್ ಉಳ್ಕೊಳುತ್ತೆ, ಟೆಂಪರಿಂಗ್ ಅಂತ 620-650 ಡಿಗ್ರಿಗೆ ಮತ್ತೆ ಕಾಯಿಸೋದು ಅದನ್ನ ಇಳಿಸೋಕೆ.

ಇನ್ನು ಹಾರ್ಡನಿಂಗು, ಅಂದ್ರೆ ಕಾಯಿಸಿ ಬೇಗ ತಣಿಸೋದು (ಕ್ವೆಂಚ್). ಕ್ರೋಮಿಯಂ ಮಾಲಿಬ್ಡಿನಂ ಇಲ್ಲದ ಸಾದಾ ಕಾರ್ಬನ್ ಸ್ಟೀಲು, 70 ಎಂಎಂ ಬಾಸನ್ನ ನೀರಿಗೆ ಹಾಕಿದ್ರೂ ಮೇಲಿನ ಕೆಲವೇ ಎಂಎಂ ಗಟ್ಟಿ, ಒಳಗೆ ಆಗೋದು ಹೆಚ್ಚುಕಮ್ಮಿ ನಾರ್ಮಲೈಸ್ ಆದಂಗೆ. ಆ ಮೇಲಿನ ಪದರನೂ ಬೋರಿಂಗಲ್ಲಿ ನೀವೇ ಕೆರೆದು ಬಿಸಾಕ್ತೀರ. ದುಡ್ಡು ಕೊಟ್ಟು ಕ್ರ್ಯಾಕ್ ತಗೊಂಡಂಗೆ, ರಿಬ್ಬು ಬಾಸು ಸೇರೋ ಮೂಲೆ ನೋಡ್ಕೊಳಿ, ಕ್ರ್ಯಾಕ್ ಬಿಟ್ರೆ ಅಲ್ಲೇ ಬಿಡೋದು.

ಜಿಗಣಿ_ಟೂಲ್‌ರೂಮ್:
ಹಳೇ ಕುಲುಮೆ ಸರ್ ಹೇಳಿದ್ದು ಈ ಪೀಸಿಗೆ ಸರಿ, ಆದ್ರೆ ಹಾರ್ಡನಿಂಗ್ ಅಂದ್ರೆ ದಂಡ ಅಂತ ಜನ ತಿಳ್ಕೋಬಾರ್ದು. ಮೈನಸ್ 46 ಡಿಗ್ರಿ ಇಂಪ್ಯಾಕ್ಟ್ (ಹೊಡೆತ ತಡೆಯುತ್ತಾ ಅನ್ನೋ ಟೆಸ್ಟ್) ಕೇಳೋ ಎಲ್‌ಸಿಸಿ (ಚಳಿಯಲ್ಲಿ ಬಳಸೋ ಸ್ಟೀಲ್ ಕಾಸ್ಟಿಂಗ್ ಗ್ರೇಡ್) ವಾಲ್ವ್ ಬಾಡೀಗೆ ನೀರಲ್ಲಿ ಕ್ವೆಂಚ್ ಮಾಡಿ ಟೆಂಪರ್ ಮಾಡಿದ್ರೆ ಇಂಪ್ಯಾಕ್ಟ್ ಆರಾಮಾಗಿ ಬರುತ್ತೆ, ಬರೀ ನಾರ್ಮಲೈಸಿಂಗಲ್ಲಿ ಒದ್ದಾಡ್ಬೇಕಾಗುತ್ತೆ. ಅಲ್ಲಿ ಒಳಗಿನವರೆಗೂ ಮಾರ್ಟೆನ್ಸೈಟ್ (ಬೇಗ ತಣಿದಾಗ ಆಗೋ ಗಟ್ಟಿ ರಚನೆ) ಆಗ್ಲಿಲ್ಲ ಅಂದ್ರೂ ಬೇಗ ತಣಿದಷ್ಟೂ ಗ್ರೇನ್ ಸಣ್ಣ ಆಗಿ ಟಫ್‌ನೆಸ್ ಸಿಗುತ್ತೆ. ಪಾರ್ಟಿ ಇಂಪ್ಯಾಕ್ಟ್ ಕೇಳಿದಾರಾ ಅಂತ ಒಂದ್ಸಲ ಕೇಳ್ಬಿಡಿ.

ಹಳೇ_ಕುಲುಮೆ:
ಒಪ್ದೆ. ಇಂಪ್ಯಾಕ್ಟ್ ಕೇಳಿದ್ರೆ ಲೆಕ್ಕಾನೇ ಬೇರೆ.

ನೈಟ್‌ಶಿಫ್ಟ್_ಫರ್ನೇಸ್:
ಯಾವ ಸೈಕಲ್ ಅನ್ನೋದಕ್ಕಿಂತ ಲೋಡಿಂಗ್ ನೋಡಿ ಅಣ್ಣ. ಕಾಗದದಲ್ಲಿ ನಾರ್ಮಲೈಸಿಂಗ್ ಅಂತಿರುತ್ತೆ, ಹೋಗಿ ನೋಡಿದ್ರೆ ಕೆಂಪಗಿರೋ ಕಾಸ್ಟಿಂಗನ್ನ ಒಂದರ ಮೇಲೊಂದು ಗುಡ್ಡೆ ಹಾಕಿರ್ತಾರೆ, ನಡುವೆ ಇರೋ ಪೀಸ್ ಅನೀಲ್ ಆದಂಗೇ ಆಗುತ್ತೆ. ಒಂದೊಂದೂ ಬಿಡಿ ಬಿಡಿಯಾಗಿ ಇಡಿಸಿ, ಗಾಳಿ ಆಡ್ಬೇಕು, ಮಳೆಗಾಲದಲ್ಲಿ ಶೆಡ್ ಬಾಗಿಲ ಹತ್ರ ಇಟ್ಟು ಎರಚಲು ಹೊಡೆಯೋ ಹಾಗೆ ಮಾಡ್ಬೇಡಿ. ಸೋಕಿಂಗ್ (ಆ ಬಿಸಿಯಲ್ಲೇ ಹಿಡಿದಿಡೋದು) ಇಂಚಿಗೆ ಒಂದು ಗಂಟೆ ಲೆಕ್ಕ, ಅಂದ್ರೆ 70 ಎಂಎಂಗೆ ಸುಮಾರು 3 ಗಂಟೆ, ಅದು ಬಾಸ್ ಟೆಂಪರೇಚರಿಗೆ ಬಂದ ಮೇಲೆ ಶುರು ಮಾಡ್ಬೇಕು, ಮೀಟರಲ್ಲಿ 910 ತೋರಿಸಿದ ತಕ್ಷಣ ಅಲ್ಲ. ಗ್ರಾಫ್ ಕೇಳಿ ಇಸ್ಕೊಳಿ. ನಡುವೆ ಕರೆಂಟ್ ಹೋಗಿದ್ರೆ ಗ್ರಾಫಲ್ಲಿ ಲೈನ್ ಇಳಿದಿರುತ್ತೆ, ಆಮೇಲೆ ಎಷ್ಟು ಹೊತ್ತು ಹಿಡಿದಿದಾರೆ ಅಂತ ಅಲ್ಲೇ ಗೊತ್ತಾಗುತ್ತೆ.

ಹಾರ್ಡ್‌ನೆಸ್ ಚೆಕ್ ಮಾಡಿ ಪಾಸ್ ಅನ್ನೋದೂ ಸಾಲಲ್ಲ. 150 ಬಿಎಚ್‌ಎನ್ (ಬ್ರಿನೆಲ್ ಹಾರ್ಡ್‌ನೆಸ್ ಅಂಕಿ) ಅಂದ್ರೆ ಸುಮಾರು 520 ಎಂಪಿಎ ಅಂತ ಲೆಕ್ಕ ಹಾಕ್ಬಹುದು, ಆದ್ರೆ ಹೀಟ್ ಟ್ರೀಟ್‌ಮೆಂಟೇ ಆಗದ ಪೀಸೂ ಅಷ್ಟೇ ತೋರಿಸ್ಬಹುದು. ಮೈಕ್ರೋ (ಮೈಕ್ರೋಸ್ಕೋಪಲ್ಲಿ ಒಳರಚನೆಯ ಫೋಟೋ) ತೆಗೆಸಿದ್ರೆ ಸೂಜಿ ಕಾಣುತ್ತೆ, ಅಲ್ಲಿ ಸಿಕ್ಕಾಕೊಳ್ತಾರೆ.

ಕ್ರಷರ್_ಹುಡ್ಗ:
ಮಧ್ಯೆ ಬಾಯಿ ಹಾಕ್ತಿದೀನಿ ಸಾರಿ, ನಮ್ ಕ್ರಷರ್ ಜಾ ಪ್ಲೇಟ್ ಮ್ಯಾಂಗನೀಸ್ ಸ್ಟೀಲು, ಅದಕ್ಕೂ ಇದೇ ನಾರ್ಮಲೈಸಿಂಗ್ ಟೆಂಪರಿಂಗ್ ನಡೆಯುತ್ತಾ?

ಹಳೇ_ಕುಲುಮೆ:
ಅಯ್ಯೋ ಬೇಡ ಮಾರಾಯ! ಅದು 12-13 ಪರ್ಸೆಂಟ್ ಮ್ಯಾಂಗನೀಸು, ಗಾಳಿಯಲ್ಲಿ ನಿಧಾನಕ್ಕೆ ತಣಿದ್ರೆ ಗ್ರೇನ್ ಅಂಚಲ್ಲಿ ಕಾರ್ಬೈಡ್ ಕೂತ್ಕೊಂಡು ಗಾಜಿನಂಗೆ ಒಡೆಯುತ್ತೆ. 1050 ಡಿಗ್ರಿ ಹತ್ರ ಕಾಯಿಸಿ ಸೀದಾ ನೀರಿಗೆ, ಫರ್ನೇಸಿಂದ ತೊಟ್ಟಿಗೆ ಎಷ್ಟು ಬೇಗ ಹೋದ್ರೆ ಅಷ್ಟು ಒಳ್ಳೇದು. ಟೆಂಪರಿಂಗ್ ಮಾಡ್ಲೇಬೇಡಿ, 600 ಡಿಗ್ರಿಗೆ ಮತ್ತೆ ಕಾಯಿಸಿದ್ರೆ ಅದೇ ಕಾರ್ಬೈಡ್ ವಾಪಸ್ ಬರುತ್ತೆ. ತಮಾಷೆ ಏನಂದ್ರೆ ಅಲ್ಲಿ ನೀರಿಗೆ ಹಾಕೋದು ಗಟ್ಟಿ ಮಾಡೋಕಲ್ಲ, ಟಫ್ ಮಾಡೋಕೆ, ಗಟ್ಟಿ ಆಗೋದು ಕಲ್ಲಿನ ಏಟು ತಿಂದು ತಿಂದು.

ಪೀಣ್ಯ_ಬೋರಿಂಗ್:
ತುಂಬಾ ಥ್ಯಾಂಕ್ಸ್. ಪಾರ್ಟಿಗೆ ಕೇಳ್ದೆ, ಇಂಪ್ಯಾಕ್ಟ್ ಏನೂ ಇಲ್ವಂತೆ, ನಾರ್ಮಲೈಸಿಂಗ್ ಟೆಂಪರಿಂಗ್ ಅಂತ ಮೇಲ್ ಹಾಕ್ಸ್ಕೊಂಡೆ. ಎರಡು ಡೌಟ್ ಉಳೀತು, ಬೋರ್ ಅಲ್ಲಾಡದೇ ಇರೋಕೆ ಬೇರೆ ಏನಾದ್ರೂ ಮಾಡ್ಬೇಕಾ, ಮತ್ತೆ ಫೌಂಡ್ರಿಯವ್ರು ಬ್ಲೋಹೋಲ್ (ಗ್ಯಾಸಿಂದ ಆದ ತೂತು) ಇದ್ರೆ ವೆಲ್ಡ್ ಮಾಡಿ ಕೊಡ್ತೀವಿ ಅಂತಿದಾರೆ.

ಜಿಗಣಿ_ಟೂಲ್‌ರೂಮ್:
ವೆಲ್ಡಿಂಗ್ ಏನಿದ್ರೂ ನಾರ್ಮಲೈಸಿಂಗ್ ಮುಂಚೆ ಮುಗಿಸಿ ಅನ್ನಿ, ರೈಸರ್ (ಅಚ್ಚಿನ ಮೇಲೆ ಉಳಿಯೋ ಹೆಚ್ಚುವರಿ ಲೋಹದ ತುಂಡು) ಗ್ಯಾಸ್ ಕಟಿಂಗೂ ಅಷ್ಟೇ. ಆಮೇಲೆ ಮಷಿನಿಂಗಲ್ಲಿ ಹೊಸ ಹೋಲ್ ಸಿಕ್ಕಿ ದೊಡ್ಡ ವೆಲ್ಡ್ ಹಾಕಿದ್ರೆ ಸ್ಟ್ರೆಸ್ ರಿಲೀವಿಂಗ್ ಮತ್ತೆ ಬೇಕು. ಬೋರಿಗೆ 2-3 ಎಂಎಂ ಬಿಟ್ಟು ರಫ್ ಮಾಡಿ, 600 ಡಿಗ್ರಿಯಲ್ಲಿ ಸ್ಟ್ರೆಸ್ ರಿಲೀವ್ ಮಾಡಿಸಿ, 300 ಬರೋವರೆಗೂ ಫರ್ನೇಸ್ ಬಾಗಿಲು ತೆಗೀಬೇಡಿ, ಆಮೇಲೆ ಫಿನಿಶ್. ಫಸ್ಟ್ ಲಾಟಲ್ಲಿ ಒಂದು ಪೀಸ್ ಸ್ಟ್ರೆಸ್ ರಿಲೀವ್ ಇಲ್ದೇನೇ ಮಾಡಿ ಒಂದು ವಾರ ಇಟ್ಟು ಬೋರ್ ಅಳೆದು ನೋಡಿ, ಟೆಂಪರಿಂಗ್ ಚೆನ್ನಾಗಿ ಆಗಿದ್ರೆ ಆ ಖರ್ಚು ಉಳಿದ್ರೂ ಉಳೀಬಹುದು.

ನೈಟ್‌ಶಿಫ್ಟ್_ಫರ್ನೇಸ್:
ಟೆಸ್ಟ್ ಬಾರ್ ಮರೀಬೇಡಿ ಅಣ್ಣ, ನಿಮ್ಮ ಹೀಟಿನದ್ದೇ (ಒಂದೇ ಸಲ ಕರಗಿಸಿದ ಸ್ಟೀಲಿನದ್ದೇ) ಬಾರು, ನಿಮ್ಮ ಪೀಸಿಗೇ ತಂತಿ ಸುತ್ತಿ ಅದೇ ಫರ್ನೇಸ್ ಲೋಡಲ್ಲಿ ಹೋಗ್ಬೇಕು, ಹೀಟ್ ನಂಬರ್ ಪಂಚ್ ಹೊಡೆದಿರ್ಬೇಕು. ಸಪರೇಟಾಗಿ ಚಿಕ್ಕ ಮಫಲ್ ಫರ್ನೇಸಲ್ಲಿ ಹಾಕಿದ ಬಾರ್ ಯಾವಾಗ್ಲೂ ಪಾಸೇ ಆಗೋದು.