ಸ್ವೀಟ್ ಸಿಸಿಲಿ: ಬೀಜ ಬಿತ್ತುವುದೋ, ಸಸಿ ಕೊಳ್ಳುವುದೋ?

ಇಂಗ್ಲೆಂಡಿನ ವೇಕ್‌ಫೀಲ್ಡ್‌ನಿಂದ ಪ್ರಶ್ನೆ: ಸೋಂಪಿನ ವಾಸನೆಯ ಸೊಪ್ಪಿನ ಗಿಡವಾದ ಸ್ವೀಟ್ ಸಿಸಿಲಿಯ ಎಲೆಯನ್ನು ರೂಬಾರ್ಬ್ (ಹುಳಿ ದಂಟು) ಜೊತೆ ಬೇಯಿಸಿದರೆ ಸಕ್ಕರೆ ಕಡಿಮೆ ಸಾಕಾಗುತ್ತದೆಯೆಂದು ಪಕ್ಕದ ಮನೆಯವರು ಹೇಳಿದರು. ಬಾಲ್ಕನಿಯ ಕುಂಡಕ್ಕೆ ಬೀಜ ಒಳ್ಳೆಯದೋ, ಸಸಿಯೋ? ಬೆಳೆಸಿದವರು ದಯವಿಟ್ಟು ತಿಳಿಸಿ.

ಎಡಿನ್‌ಬರೋದಿಂದ: ಬೀಜವೇ ಸರಿ, ಆದರೆ ಅದು ಆ ವರ್ಷದ್ದೇ ಆಗಿರಬೇಕು. ನಾನು ಪೊಟ್ಟಣಕ್ಕೆ 3 ಪೌಂಡ್ 20 ಪೆನ್ಸ್, ಅಂಚೆಗೆ ಮತ್ತೆ 2 ಪೌಂಡ್ 95 ಪೆನ್ಸ್ ತೆತ್ತೆ. ಬಂದದ್ದು ಹಳೆಯ ಬೀಜ, ಒಂದೂ ಮೊಳೆಯಲಿಲ್ಲ. ಮರುವರ್ಷ ಪರಿಚಿತರ ತೋಟದ ಹೊಸ ಬೀಜವನ್ನು ಅಕ್ಟೋಬರ್‌ನಲ್ಲೇ ಹಿತ್ತಲಲ್ಲಿ ಬಿತ್ತಿ, ಚಳಿಗಾಲವಿಡೀ ಮಂಜು ಬೀಳಲು ಬಿಟ್ಟೆ. ಚಳಿ ತಿನ್ನದೆ ಈ ಬೀಜ ಕಣ್ಣು ಬಿಡುವುದಿಲ್ಲ. ಈಗ ಬೇಡವೆಂದರೂ ಎಲ್ಲೆಡೆ ಹುಟ್ಟುತ್ತಿದೆ.

ಮ್ಯಾಂಚೆಸ್ಟರ್‌ನಿಂದ: ಹಿತ್ತಲಿರುವವರಿಗೆ ಹೀಗೆ ಹೇಳುವುದು ಸುಲಭ. ನಾನು 9 ಪೌಂಡ್ ಕೊಟ್ಟು ಸಸಿ ತಂದೆ. ಕುಂಡ ಬದಲಿಸುವಾಗ ಕ್ಯಾರೆಟ್ಟಿನಂತೆ ನೇರ ಇಳಿದಿದ್ದ ತಾಯಿಬೇರು ತುಂಡಾಗಿ ಗಿಡ ಸತ್ತಿತು. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಆಳವಾದ ಕುಂಡಕ್ಕೆ 14 ಪೌಂಡ್, ಮಣ್ಣಿಗೆ 6, ಎರಡನೆಯ ಸಸಿಗೆ ಮತ್ತೆ 9. ಅದು ಮಾತ್ರ ಬದುಕಿದೆ.

ಸ್ಕಿಪ್ಟನ್‌ನಿಂದ: ಇಷ್ಟೆಲ್ಲ ದುಡ್ಡೇಕೆ? ನಮ್ಮ ಕಡೆ ಮೇ ತಿಂಗಳಲ್ಲಿ ರಸ್ತೆಯಂಚಿನಲ್ಲೆಲ್ಲ ಬಿಳಿ ಹೂ ಬಿಟ್ಟು ನಿಂತಿರುತ್ತದೆ. ಎಲೆ ಹಿಸುಕಿದಾಗ ಸೋಂಪಿನ ವಾಸನೆ ಬಂದರೆ ಕಿತ್ತುಕೊಳ್ಳಿ.

ಮ್ಯಾಂಚೆಸ್ಟರ್‌ನಿಂದ: ಹೊಸಬರಿಗೆ ಹೀಗೆ ಹೇಳುವುದು ಹೊಣೆಗೇಡಿತನ. ಒಂದು ಎಲೆ ಹಿಸುಕಿದ ಬೆರಳಿನಲ್ಲಿ ಸೋಂಪಿನ ವಾಸನೆ ಉಳಿದಿರುತ್ತದೆ. ಮುಂದಿನ ಗಿಡ ಇದನ್ನೇ ಹೋಲುವ ವಿಷಗಿಡ ಹೆಮ್ಲಾಕ್ ಆಗಿದ್ದರೂ ಮೂಗು ಮೋಸಹೋಗುತ್ತದೆ. ನೇರಳೆ ಮಚ್ಚೆಗಳಿರುವ, ರೋಮವಿಲ್ಲದ ನುಣುಪು ಕಾಂಡವಾದರೆ ಅದು ಪ್ರಾಣ ತೆಗೆಯುವ ವಿಷ. ಜಾಗದ ಒಡೆಯರ ಅನುಮತಿಯಿಲ್ಲದೆ ಕಾಡುಗಿಡವನ್ನು ಬುಡಸಮೇತ ಕೀಳುವುದು ಬ್ರಿಟನ್ನಿನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಸ್ಕಿಪ್ಟನ್‌ನಿಂದ: ನಾನು ಬರೆದದ್ದು ಎಲೆಯ ವಿಷಯ, ಬುಡದ್ದಲ್ಲ, ಓದಿ ಉತ್ತರಿಸಿ. ಸಿಸಿಲಿಯ ಎಲೆಯ ಮೇಲೆ ಸುಣ್ಣ ಸಿಡಿದಂತಹ ಬಿಳಿ ಮಚ್ಚೆಗಳಿರುತ್ತವೆ, ಕಾಂಡದಲ್ಲಿ ಮೃದುವಾದ ರೋಮವಿರುತ್ತದೆ. ಹುಟ್ಟಿದ್ದು ಮಲೆನಾಡಿನಲ್ಲಿ, ಸೊಪ್ಪು ಗುರುತಿಸುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಎಡಿನ್‌ಬರೋದಿಂದ: ಮಲೆನಾಡಿನಲ್ಲಿ ಹೆಮ್ಲಾಕ್ ಎಲ್ಲಿತ್ತು ಸ್ವಾಮಿ? ಅದಿರಲಿ, ಎಲೆಗಿಂತ ಹಸಿರು ಕಾಯಿಯೇ ರುಚಿ. ಊಟದ ನಂತರ ಸೋಂಪಿನ ಬದಲು ನಾವು ಅದನ್ನೇ ಜಗಿಯುತ್ತೇವೆ. ಕಂದು ಬಣ್ಣಕ್ಕೆ ತಿರುಗಿದರೆ ಬರೀ ನಾರು.

ಮ್ಯಾಂಚೆಸ್ಟರ್‌ನಿಂದ: ಕಾಯಿಯನ್ನೆಲ್ಲ ಜಗಿದು ಮುಗಿಸಿದರೆ ಅಕ್ಟೋಬರ್‌ನಲ್ಲಿ ಬಿತ್ತಲು ಬೀಜ ಎಲ್ಲಿಂದ ಬರುತ್ತದೆ?