ಅನ್ನ ಬಿಟ್ಟು ಮುದ್ದೆ ಉಂಡರೂ ಸಕ್ಕರೆ ಇಳಿಯುತ್ತಿಲ್ಲ: ಧಾನ್ಯವನ್ನೇ ಬಿಡಬಹುದೇ?

ಹಾಸನದ ಮಗಳು (ಪ್ರಶ್ನೆ):
ಹಳ್ಳಿಯಲ್ಲಿರುವ ನನ್ನ ತಂದೆಯವರಿಗೆ 63 ವರ್ಷ. ಟೈಪ್ 2 ಮಧುಮೇಹಕ್ಕಾಗಿ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸೇರಿದ ಮಾತ್ರೆಯನ್ನೂ, ರಕ್ತದೊತ್ತಡಕ್ಕೆ ಇನ್ನೊಂದು ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಈಚಿನ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) 8.6 ಬಂದಿದೆ. ಸಿಹಿಯನ್ನು ಬಿಟ್ಟು ಬಹಳ ಕಾಲವಾಯಿತು. ಅನ್ನವನ್ನೂ ಬಿಟ್ಟು ಎರಡು ಹೊತ್ತು ರಾಗಿಮುದ್ದೆಯನ್ನೇ ಉಣ್ಣುತ್ತಿದ್ದಾರೆ. ಆದರೂ ಊಟವಾದ ಎರಡು ಗಂಟೆಯ ಮೇಲೆ ನೋಡಿದರೆ ಗ್ಲೂಕೋಮೀಟರ್ 240ರ ಆಸುಪಾಸು ತೋರಿಸುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಧಾನ್ಯಗಳನ್ನು ಪೂರ್ತಿ ಬಿಟ್ಟು, ಈಗ ಮಾತ್ರೆಯೇ ಇಲ್ಲದೆ ಇದ್ದೇನೆ ಎನ್ನುತ್ತಾರೆ. ಅದನ್ನು ಕೇಳಿದ ಮೇಲೆ ತಂದೆಯವರೂ ಬರುವ ಸೋಮವಾರದಿಂದಲೇ ಹಾಗೆ ಮಾಡುವುದಾಗಿ ಹಟ ಹಿಡಿದಿದ್ದಾರೆ. ಇದು ಸರಿಯೇ? ಮುದ್ದೆಯಲ್ಲಿ ದೋಷವೇನಿದೆ? ಮನೆಯಲ್ಲಿ ಮೊಟ್ಟೆ ತಿನ್ನುತ್ತೇವೆ, ಮಾಂಸ ಅಪರೂಪ.

ಆಹಾರತಜ್ಞೆ, ಮೈಸೂರು:
ಮುದ್ದೆಯಲ್ಲಿ ದೋಷವಿಲ್ಲ, ಅದರ ಅಳತೆಯಲ್ಲಿದೆ. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 67 ಗ್ರಾಂ ಇರುತ್ತದೆ. ರಾಗಿಯಲ್ಲಿ ನಾರು ಮತ್ತು ಕ್ಯಾಲ್ಸಿಯಂ ಹೆಚ್ಚು ಎಂಬುದು ನಿಜ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಹಿಟ್ಟು ಬೇಗನೆ ಜೀರ್ಣವಾಗುವುದರಿಂದ ನಾರಿನ ಲಾಭ ನಾವು ಎಣಿಸಿದಷ್ಟು ಸಿಗುವುದಿಲ್ಲ. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಎಂದು ಹಿಡಿದರೂ ಎರಡು ಹೊತ್ತಿಗೆ 134 ಗ್ರಾಂ ಶರ್ಕರಪಿಷ್ಟವಾಯಿತು. ಸಾಮಾನ್ಯವಾಗಿ ದಿನಕ್ಕೆ 130 ಗ್ರಾಂಗಿಂತ ಕಡಿಮೆ ಇದ್ದರೆ ಮಾತ್ರ ಅದನ್ನು ಕಡಿಮೆ ಶರ್ಕರಪಿಷ್ಟದ ಆಹಾರ ಎನ್ನುತ್ತಾರೆ. ಅಂದರೆ ಬೆಳಗಿನ ತಿಂಡಿ, ಹಾಲು, ಕಾಳು, ಹಣ್ಣು ಯಾವುದನ್ನೂ ಲೆಕ್ಕಕ್ಕೆ ಹಿಡಿಯುವ ಮೊದಲೇ ಮಿತಿ ದಾಟಿದೆ.

ನಮ್ಮ ದೇಶದವರ ಆಹಾರದ ಶಕ್ತಿಯಲ್ಲಿ ಸುಮಾರು ಶೇಕಡ 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಧುಮೇಹ ಸಮೀಕ್ಷೆಯಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ತಿಳಿಸಿದೆ. ಒಟ್ಟು ಪ್ರಮಾಣವನ್ನು ತಗ್ಗಿಸದೆ ಅಕ್ಕಿಯ ಜಾಗಕ್ಕೆ ಗೋಧಿಯನ್ನೋ ಸಿರಿಧಾನ್ಯವನ್ನೋ ತಂದಮಾತ್ರಕ್ಕೆ ಹೆಚ್ಚಿನ ಪ್ರಯೋಜನ ಕಾಣುವುದಿಲ್ಲ ಎಂಬುದೂ ಅದೇ ಅಧ್ಯಯನದ 2025ರ ವರದಿಯಲ್ಲಿದೆ. ಸಿರಿಧಾನ್ಯದ ಹೆಸರಿನಲ್ಲಿ ಈಗ ಬಿಸ್ಕತ್ತನ್ನೂ ಮಾರುತ್ತಿರುವಾಗ ಈ ಮಾತು ಯಾರಿಗೂ ರುಚಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಬಸ್ಸಾರು ಮಾಡುತ್ತೀರಲ್ಲವೇ? ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸಾರು ಮಾಡಿ, ಉಳಿದುದನ್ನು ಪಲ್ಯ ಮಾಡುತ್ತೇವೆ. ಆದರೆ ತಟ್ಟೆಯಲ್ಲಿ ಮುದ್ದೆ ದೊಡ್ಡದು, ಪಲ್ಯ ಅಂಚಿಗೆ ಒಂದು ಚಮಚ. ಈ ಅಳತೆಯನ್ನು ತಿರುಗಿಸಿ. ತಟ್ಟೆಯ ಅರ್ಧ ಸೊಪ್ಪು-ತರಕಾರಿ, ಜೊತೆಗೆ ಒಂದು ಮೊಟ್ಟೆ ಅಥವಾ ಪನ್ನೀರು ಅಥವಾ ಮೊಳಕೆ ಹುರುಳಿ, ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಪಲ್ಯ, ಮೊಟ್ಟೆ ಮುಗಿಸಿದ ಮೇಲೆ ಮುದ್ದೆಗೆ ಕೈ ಹಾಕಿದರೆ ಊಟದ ನಂತರದ ಏರಿಕೆ ಇನ್ನಷ್ಟು ತಗ್ಗುತ್ತದೆ. ಕಾಳುಗಳಲ್ಲಿಯೂ ಶರ್ಕರಪಿಷ್ಟವಿದೆ ಎಂಬುದನ್ನು ಮರೆಯಬಾರದು, ಆದರೆ ಅದು ನಿಧಾನವಾಗಿ ಜೀರ್ಣವಾಗುತ್ತದೆ, ಪ್ರೋಟೀನೂ ದೊರೆಯುತ್ತದೆ.

ನಿವೃತ್ತ ವೈದ್ಯ:
ಮೇಲಿನ ಸಲಹೆ ಸರಿಯಾಗಿದೆ. ಆದರೆ ಸೋಮವಾರ ಆರಂಭಿಸುವ ಮುನ್ನ ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಕಾಣದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಔಷಧ. ನೀವು ಮುದ್ದೆ ಉಂಡಿದ್ದೀರೋ ಇಲ್ಲವೋ ಎಂದು ನೋಡಿಕೊಂಡು ಅದು ಕೆಲಸ ಮಾಡುವುದಿಲ್ಲ. ಧಾನ್ಯವನ್ನು ಒಮ್ಮೆಲೇ ಬಿಟ್ಟು ಅದೇ ಪ್ರಮಾಣದ ಮಾತ್ರೆ ನುಂಗಿದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು, ಬೆವರು, ನಡುಕ, ಮಂಕು ಕವಿದು ಹೊಲದಲ್ಲಿಯೇ ಬೀಳಬಹುದು. ಹಾಗಾದಾಗ ಪಥ್ಯ ನೋಡದೆ ಮೂರು ಚಹಾ ಚಮಚದಷ್ಟು ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಅಪಾಯ ಬಹಳ ಕಡಿಮೆ.

ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ಇರುವವರು ಶರ್ಕರಪಿಷ್ಟವನ್ನು ತೀರ ಇಳಿಸಿದರೆ, ಸಕ್ಕರೆ ಹೆಚ್ಚಾಗಿ ಕಾಣಿಸದಿದ್ದರೂ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ತಡಮಾಡಬಾರದು. ನಿಮ್ಮ ತಂದೆಯವರಿಗೆ ಆ ಮಾತ್ರೆ ಇಲ್ಲ, ಆದರೂ ಇದನ್ನು ಓದುವ ಬೇರೆಯವರಿಗಾಗಿ ಬರೆದಿದ್ದೇನೆ. ಮೊದಲ ವಾರಗಳಲ್ಲಿ ದೇಹದಿಂದ ಉಪ್ಪು, ನೀರು ಹೆಚ್ಚು ಹೊರಹೋಗುವುದರಿಂದ ರಕ್ತದೊತ್ತಡವೂ ಇಳಿಯಬಹುದು. ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನೂ ವೈದ್ಯರಲ್ಲಿ ಕೇಳಿ. ಪ್ರೋಟೀನ್ ಹೆಚ್ಚಿಸುವ ಮುನ್ನ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯೇಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿ.

ಕುಂದಾಪುರದ ಮಧುಮೇಹಿ:
ಧಾನ್ಯ ಪೂರ್ತಿ ಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಮ್ಮಲ್ಲಿ ಹಾಗೆ ಬಿಟ್ಟವರು ಹಸಿವಾಯಿತೆಂದು ತುಪ್ಪ, ತೆಂಗಿನಕಾಯಿಗೆ ಮಿತಿಯಿಲ್ಲದೆ ಕೈಹಾಕಿ, ಎಲ್‌ಡಿಎಲ್ (ಕೆಟ್ಟ) ಕೊಲೆಸ್ಟರಾಲ್ ಏರಿಸಿಕೊಂಡದ್ದನ್ನು ನೋಡಿದ್ದೇನೆ. ನಾನು ಮಧ್ಯಾಹ್ನ ಮಾತ್ರ ಒಂದು ಸಣ್ಣ ಬಟ್ಟಲು ಕುಚ್ಚಲಕ್ಕಿ ಅನ್ನ ಉಣ್ಣುತ್ತೇನೆ. ಉಳಿದಂತೆ ಮೀನು, ಬಸಳೆ, ಹೆಸರುಕಾಳು. ನಿಮ್ಮ ಸಂಬಂಧಿಕರು ಮಾತ್ರೆ ಬಿಟ್ಟಿದ್ದರೆ ಅವರ ತೂಕ ಎಷ್ಟು ಇಳಿಯಿತು, ಕಾಯಿಲೆ ಎಷ್ಟು ಹಳೆಯದು ಎಂದು ಕೇಳಿ ನೋಡಿ. ಬ್ರಿಟನ್ನಿನಲ್ಲಿ ನಡೆದ, 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅಧ್ಯಯನದಲ್ಲಿ ಕಾಯಿಲೆ ಪತ್ತೆಯಾಗಿ ಆರು ವರ್ಷ ಮೀರದವರನ್ನಷ್ಟೇ ಸೇರಿಸಿಕೊಂಡು, ಕ್ಯಾಲೊರಿಯನ್ನು ಬಹಳ ಕಡಿಮೆ ಮಾಡಿದಾಗ, ವರ್ಷದ ಕೊನೆಗೆ ಶೇಕಡ 46 ಮಂದಿ ಔಷಧವಿಲ್ಲದೆ ಹತೋಟಿಗೆ ಬಂದಿದ್ದರು. ಹೆಚ್ಚು ತೂಕ ಇಳಿದವರಲ್ಲಿಯೇ ಹೆಚ್ಚು ಫಲ ಕಂಡಿತ್ತು. ಎಲ್ಲರಿಗೂ ಅದು ಆಗುವುದಿಲ್ಲ.

ಹಾಸನದ ಮಗಳು:
ಎಲ್ಲರಿಗೂ ಕೃತಜ್ಞತೆಗಳು. ಕಾಯಿಲೆ ಪತ್ತೆಯಾಗಿ ಹನ್ನೊಂದು ವರ್ಷವಾಗಿದೆ. ವೈದ್ಯರು ಗ್ಲಿಮೆಪಿರೈಡ್ ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ರಕ್ತಪರೀಕ್ಷೆಗೆ ಬರೆದಿದ್ದಾರೆ. ರಾತ್ರಿ ಮುದ್ದೆ ನಿಲ್ಲಿಸಿ, ಮಧ್ಯಾಹ್ನದ್ದನ್ನು ಚಿಕ್ಕದು ಮಾಡಲು ತಂದೆಯವರು ಗೊಣಗುತ್ತಲೇ ಒಪ್ಪಿದ್ದಾರೆ. ಗ್ಲೂಕೋಮೀಟರ್‌ನಲ್ಲಿ ಯಾವಾಗ ಪರೀಕ್ಷಿಸಬೇಕು?

ನಿವೃತ್ತ ವೈದ್ಯ:
ಮೊದಲ ಎರಡು ವಾರ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಮಧ್ಯಾಹ್ನದ ಊಟದ ಮೊದಲ ತುತ್ತಿನಿಂದ ಎರಡು ಗಂಟೆಗೆ, ಹಾಗೂ ಮಲಗುವ ಮುನ್ನ ನೋಡಿ, ಉಂಡದ್ದನ್ನೂ ಪಕ್ಕದಲ್ಲಿಯೇ ಬರೆದಿಡಿ. ಬೆವರು, ನಡುಕ ಬಂದರೆ ಹೊತ್ತು ನೋಡದೆ ಪರೀಕ್ಷಿಸಿ. ಎಚ್‌ಬಿಎ1ಸಿ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿಯಾದ್ದರಿಂದ ಅದನ್ನು ಮೂರು ತಿಂಗಳ ನಂತರವೇ ಮಾಡಿಸಿ.